ಕೌಂಟರಿನಿಂದ ಕೌಂಟರಿಗೆ ಅಲೆದವರು ಕಂಡುಕೊಂಡ ಕೋಣೆ

ಅಮೆರಿಕದ ಕಾಲೇಜು ಅರ್ಜಿಗಳಲ್ಲಿ ಒಂಬತ್ತು ಅಂಕಿ ತುಂಬುವ ಒಂದು ಸಾಲು ಇರುತ್ತದೆ. ಸೋಷಿಯಲ್ ಸೆಕ್ಯುರಿಟಿ ನಂಬರಿನ ಸಾಲು. ಅಲ್ಲೇ ಹುಟ್ಟಿದವರಿಗೆ ಅದು ಬಾಯಿಪಾಠ. ಎಳವೆಯಲ್ಲೇ ಅಪ್ಪ ಅಮ್ಮನ ಜೊತೆ ಗಡಿ ದಾಟಿ ಬಂದ ಮಕ್ಕಳಿಗೆ, ಪ್ರವಾಸಿ ವೀಸಾದಲ್ಲಿ ಬಂದು ಅವಧಿ ಮುಗಿದ ಮೇಲೂ ಅಲ್ಲೇ ಉಳಿದ ಕುಟುಂಬದ ಮಕ್ಕಳಿಗೆ ಆ ಸಾಲು ಖಾಲಿ. ತಮಗೆ ಅಂಥದ್ದೊಂದು ನಂಬರೇ ಇಲ್ಲ ಎಂಬುದು ಎಷ್ಟೋ ಮಕ್ಕಳಿಗೆ ತಿಳಿಯುವುದು ಹನ್ನೆರಡನೇ ತರಗತಿಯಲ್ಲಿ, ಅರ್ಜಿ ಮುಂದಿಟ್ಟುಕೊಂಡು ಅಮ್ಮನನ್ನು ಕೇಳಿದ ದಿನ.

ಸೀಟು ಸಿಗುವುದಿಲ್ಲ ಎಂದಲ್ಲ. ಅಂಕ ಚೆನ್ನಾಗಿದ್ದರೆ ಹೆಚ್ಚಿನ ರಾಜ್ಯಗಳಲ್ಲಿ ಸೀಟು ಸಿಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಎಷ್ಟೋ ರಾಜ್ಯಗಳಲ್ಲಿ ಶುಲ್ಕದ ಕೌಂಟರಿನಲ್ಲಿ ಅವರು ಹೊರರಾಜ್ಯದವರು. ಆರ್ಥಿಕ ನೆರವಿನ ಕೌಂಟರಿನಲ್ಲಿ ಕೇಂದ್ರ ಸರ್ಕಾರದ ಅರ್ಜಿ ತುಂಬಲು ಅರ್ಹತೆಯಿಲ್ಲ, ಹಾಗಾಗಿ ಪೆಲ್ ಗ್ರ್ಯಾಂಟ್ ಎಂಬ ಸರ್ಕಾರಿ ನೆರವಿಲ್ಲ, ಸಾಲವೂ ಇಲ್ಲ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಪಾರ್ಟ್‌ಟೈಮ್ ಕೆಲಸಕ್ಕೂ ಕೆಲಸದ ಪರವಾನಗಿ ಬೇಕು. ವಿಷಯ ಗೊತ್ತಿಲ್ಲದ ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಅವರನ್ನು ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಕಳಿಸುತ್ತಾರೆ. ಅಲ್ಲಿ ಮೊದಲು ಕೇಳುವುದೇ ಪಾಸ್‌ಪೋರ್ಟು ಮತ್ತು ವೀಸಾ. ಒಂದೊಂದು ಕೌಂಟರಿನಲ್ಲೂ ಮತ್ತೆ ಮೊದಲಿನಿಂದ, ಗುರುತೇ ಇಲ್ಲದವರ ಮುಂದೆ, ಮನೆಯವರೆಲ್ಲರ ಗುಟ್ಟನ್ನು ಬಿಚ್ಚಿಡಬೇಕು. ಬಾಯಿ ಬಿಟ್ಟರೆ ಅಪ್ಪನನ್ನು ಹಿಡಿದು ಗಡೀಪಾರು ಮಾಡಬಹುದೆಂಬ ಹೆದರಿಕೆ, ಬಿಡದಿದ್ದರೆ ಓದು ನಿಲ್ಲುತ್ತದೆ.

ಇಂದು ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ, ಬೇರೆ ಕೆಲವು ರಾಜ್ಯಗಳಲ್ಲೂ, ಈ ಮಕ್ಕಳಿಗಾಗಿ ಒಂದು ಕೇಂದ್ರವಿದೆ. ಒಂದು ಕೋಣೆ, ಒಬ್ಬರು ಅಥವಾ ಇಬ್ಬರು ಸಿಬ್ಬಂದಿ, ವಾರದಲ್ಲಿ ಇಂತಿಷ್ಟು ಹೊತ್ತು ಸಿಗುವ ವಕೀಲರು, ಎರವಲು ಕೊಡುವ ಪಠ್ಯಪುಸ್ತಕಗಳ ಕಪಾಟು. ನೋಡಿದರೆ ಇದರಲ್ಲಿ ಕಂಡುಹಿಡಿಯಲು ಏನಿತ್ತು ಎನಿಸಬಹುದು. ಆದರೆ ಆ ಕೋಣೆಯ ಒಂದೊಂದು ಭಾಗವನ್ನೂ ಯಾರೋ ಪೆಟ್ಟು ತಿಂದೇ ಕಂಡುಕೊಂಡಿದ್ದಾರೆ. ಕಂಡುಕೊಂಡವರಲ್ಲಿ ಹೆಚ್ಚಿನವರು ಕುಲಪತಿಗಳಲ್ಲ, ಶಿಕ್ಷಣ ತಜ್ಞರಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು.

ಕತೆ ಶುರುವಾಗುವುದು ಟೆಕ್ಸಾಸ್‌ನಲ್ಲಿ. ಕಾನೂನುಬದ್ಧವಾಗಿ ದೇಶದೊಳಗೆ ಬರದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದೆ ಇರಲು ಆ ರಾಜ್ಯ 1975ರಲ್ಲಿ ಅವಕಾಶ ಕೊಟ್ಟಿತು. ಟೈಲರ್ ಎಂಬ ಊರಿನ ಶಾಲಾ ಮಂಡಳಿ ಅಂಥ ಮಗುವೊಂದಕ್ಕೆ ವರ್ಷಕ್ಕೆ ಸಾವಿರ ಡಾಲರ್ ಶುಲ್ಕ ಹಾಕಿತು. ನಾಲ್ಕು ಕುಟುಂಬಗಳು ಹೆಸರು ಮುಚ್ಚಿಟ್ಟು ಮೊಕದ್ದಮೆ ಹೂಡಿದವು. ಅವರು ಯಾರ ಕಣ್ಣಿಗೂ ಬೀಳದಿರಲೆಂದು ನ್ಯಾಯಾಧೀಶರು ಬೆಳ್ಳಂಬೆಳಿಗ್ಗೆಯೇ ವಿಚಾರಣೆ ಇಟ್ಟರು. ಅಲ್ಲಿಂದಲೇ ಗಡೀಪಾರು ಮಾಡಿದರೆ ಸಿದ್ಧವಿರೋಣ ಎಂದು ಆ ತಂದೆತಾಯಿಗಳು ಕಾರಿನೊಳಗೆ ಮನೆಯ ಸಾಮಾನು ತುಂಬಿಕೊಂಡು ಬಂದಿದ್ದರಂತೆ. ಪ್ಲೈಲರ್ ವಿರುದ್ಧ ಡೋ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರ ಜೂನ್ 15ರಂದು ತೀರ್ಪು ಕೊಟ್ಟಿತು. ಐದು ನ್ಯಾಯಮೂರ್ತಿಗಳು ಮಕ್ಕಳ ಪರ, ನಾಲ್ವರು ವಿರುದ್ಧ. ಸರ್ಕಾರಿ ಶಾಲೆಯ ಬಾಗಿಲು ಆ ಮಕ್ಕಳಿಗೂ ತೆರೆಯಿತು.

ತೀರ್ಪಿನ ವ್ಯಾಪ್ತಿ ಶಾಲೆಗೇ ಮುಗಿಯಿತು. ಹನ್ನೆರಡು ವರ್ಷ ಅಲ್ಲಿಯ ರಾಷ್ಟ್ರಗೀತೆ ಹಾಡಿ, ಅಲ್ಲಿಯ ಇಂಗ್ಲಿಷಿನಲ್ಲೇ ಕನಸು ಕಂಡ ಮಗು, ಹದಿನೆಂಟು ತುಂಬಿದ ದಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತಿತ್ತು.

ಆ ಗೋಡೆಯಲ್ಲಿ ಮೊದಲ ಕಿಂಡಿ ತೆಗೆದದ್ದು ಕ್ಯಾಲಿಫೋರ್ನಿಯಾದ ಕೆಲವು ವಿದ್ಯಾರ್ಥಿಗಳು. ಲೆಟಿಷಿಯಾ ಎ. ಎಂಬ ಮರೆಹೆಸರಿನ ಮೊಕದ್ದಮೆಯಲ್ಲಿ ಅಲಮೇಡಾ ಕೌಂಟಿಯ ನ್ಯಾಯಾಲಯ 1985ರಲ್ಲಿ, ಇವರಿಗೂ ರಾಜ್ಯದ ನಿವಾಸಿಗಳ ಶುಲ್ಕವೇ ಅನ್ವಯಿಸಬೇಕೆಂದು ಹೇಳಿತು. ಆದರೆ ತೀರ್ಪು ಬಂದಿದೆ ಎಂಬುದು ಕೌಂಟರಿನ ಗುಮಾಸ್ತರಿಗೆ ಗೊತ್ತಾಗುವುದು ಹೇಗೆ? ಹೈಸ್ಕೂಲು ಸಲಹೆಗಾರರು, ಕಾಲೇಜು ಸಿಬ್ಬಂದಿ, ವಕೀಲರು ಸೇರಿ ‘ಲೆಟಿಷಿಯಾ ಎ. ನೆಟ್‌ವರ್ಕ್’ ಕಟ್ಟಿಕೊಂಡರು. ಯಾವ ಕ್ಯಾಂಪಸ್ಸಿನಲ್ಲಿ ಯಾರ ಬಳಿ ಹೋದರೆ ಕೆಲಸವಾಗುತ್ತದೆ, ಯಾರ ಮುಂದೆ ಬಾಯಿ ಬಿಡಬಾರದು ಎಂಬ ತಿಳಿವಳಿಕೆ ಇಂಥ ಜಾಲದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಬೇಕಿತ್ತು. ಮುಂದೆ ಬಂದ ಕೇಂದ್ರಗಳ ಬೀಜ ನನಗೆ ಕಾಣುವುದು ಇಲ್ಲೇ. ಕಟ್ಟಡವಿಲ್ಲದ, ಹಣವಿಲ್ಲದ, ನಂಬುವಂಥ ಮನುಷ್ಯರ ಒಂದು ಪಟ್ಟಿ.

ಐದು ವರ್ಷದಲ್ಲಿ ಅದಕ್ಕೂ ಪೆಟ್ಟು ಬಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕ್ಯಾಂಪಸ್ಸಾದ ಯುಸಿಎಲ್‌ಎಯ ರಿಜಿಸ್ಟ್ರಾರ್ ಕಚೇರಿಯ ನೌಕರರೊಬ್ಬರು ದಾಖಲೆಯಿಲ್ಲದವರನ್ನು ನಿವಾಸಿಗಳೆಂದು ನಮೂದಿಸಲು ಒಪ್ಪದೆ ಕೆಲಸ ಬಿಟ್ಟು ನ್ಯಾಯಾಲಯಕ್ಕೆ ಹೋದರು. 1990ರ ಬ್ರಾಡ್‌ಫರ್ಡ್ ತೀರ್ಪು ಅವರ ಪರವಾಗಿ ಬಂತು. ಮತ್ತೆ ಹೊರರಾಜ್ಯದ ಶುಲ್ಕ. 1994ರಲ್ಲಿ ಮತದಾರರು ಪ್ರೊಪೊಸಿಷನ್ 187ಕ್ಕೆ ಒಪ್ಪಿಗೆ ಕೊಟ್ಟರು. ಶಾಲೆ, ಆಸ್ಪತ್ರೆಗಳ ಬಾಗಿಲನ್ನು ದಾಖಲೆಯಿಲ್ಲದವರಿಗೆ ಮುಚ್ಚುವ ಆ ಕಾನೂನನ್ನು ನ್ಯಾಯಾಲಯಗಳು ತಡೆದವು, ನಿಜ. ಆದರೆ ಮನೆಮನೆಗೆ ಹೊಕ್ಕ ಭಯವನ್ನು ಯಾವ ತಡೆಯಾಜ್ಞೆಯೂ ಹೊರಗೆ ಕಳಿಸಲಿಲ್ಲ. 1996ರಲ್ಲಿ ಕೇಂದ್ರ ಸರ್ಕಾರವೇ ಇನ್ನೊಂದು ಬೀಗ ಹಾಕಿತು. ರಾಜ್ಯದಲ್ಲಿ ವಾಸವಿದ್ದಾರೆ ಎಂಬ ಕಾರಣಕ್ಕೆ ದಾಖಲೆಯಿಲ್ಲದವರಿಗೆ ಶುಲ್ಕದ ರಿಯಾಯಿತಿ ಕೊಡುವುದಾದರೆ, ದೇಶದ ಯಾವ ಮೂಲೆಯ ನಾಗರಿಕರಿಗೂ ಅದನ್ನೇ ಕೊಡಬೇಕೆಂದು ಕಾನೂನು ಮಾಡಿತು.

ಈ ಬೀಗಕ್ಕೆ ಸಿಕ್ಕ ಕೀಲಿಕೈ ಇಡೀ ಕತೆಯಲ್ಲೇ ಅತ್ಯಂತ ಜಾಣತನದ್ದು. 2001ರಲ್ಲಿ ಮೊದಲು ಟೆಕ್ಸಾಸ್, ಅದೇ ವರ್ಷ ಕ್ಯಾಲಿಫೋರ್ನಿಯಾ, ಹೊಸ ಕಾನೂನು ತಂದವು. ಶಾಸಕ ಮಾರ್ಕೊ ಫೈರ್‌ಬಾ ಮಂಡಿಸಿದ ಕ್ಯಾಲಿಫೋರ್ನಿಯಾದ ಎಬಿ 540, ನೀವು ಎಲ್ಲಿ ವಾಸವಿದ್ದೀರಿ ಎಂದು ಕೇಳುವುದನ್ನೇ ಬಿಟ್ಟಿತು. ಇಲ್ಲಿಯ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿದ್ದೀರಾ, ಇಲ್ಲೇ ಪಾಸಾಗಿದ್ದೀರಾ, ಇಷ್ಟೇ ಕೇಳಿತು. ಇಲ್ಲಿ ಓದಿ ಈಗ ನೆವಾಡಾದಲ್ಲಿ ಮನೆ ಮಾಡಿರುವ ನಾಗರಿಕನ ಮಗಳಿಗೂ ಅದೇ ನಿಯಮ. ವಾಸದ ಪ್ರಶ್ನೆಯೇ ಇಲ್ಲದ ಮೇಲೆ 1996ರ ಕಾನೂನು ತಗುಲುವುದಿಲ್ಲ ಎಂಬುದು ವಾದ. ರಾಜ್ಯದ ಸುಪ್ರೀಂ ಕೋರ್ಟು 2010ರಲ್ಲಿ ಇದನ್ನು ಎತ್ತಿಹಿಡಿಯಿತು. ಇದರಿಂದ ಯಾರೂ ಲೆಕ್ಕ ಹಾಕಿರದ ಇನ್ನೊಂದು ಉಪಕಾರವೂ ಆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷಗಳಲ್ಲಿ ಈ ವಿನಾಯಿತಿ ಪಡೆದವರಲ್ಲಿ ಹೆಚ್ಚಿನವರು ನಾಗರಿಕರು ಅಥವಾ ದಾಖಲೆಯಿದ್ದವರೇ. ಹಾಗಾಗಿ ಕಡತದಲ್ಲಿ ಎಬಿ 540 ಎಂದು ಬರೆದಿದ್ದರೆ ಅದರಿಂದ ಯಾರ ಗುಟ್ಟೂ ಬಯಲಾಗುತ್ತಿರಲಿಲ್ಲ.

ಮೂರು ಪಟ್ಟಿಗೂ ಮೀರಿದ್ದ ಶುಲ್ಕ ಇಳಿಯಿತು. ಆದರೆ ಸ್ಕಾಲರ್‌ಶಿಪ್ಪಿಲ್ಲ, ಸಾಲವಿಲ್ಲ, ಕೆಲಸವಿಲ್ಲ, ಆಗ ಕ್ಯಾಲಿಫೋರ್ನಿಯಾದಲ್ಲಿ ಡ್ರೈವಿಂಗ್ ಲೈಸೆನ್ಸೂ ಇಲ್ಲ. ಲಾಸ್ ಏಂಜಲಿಸ್‌ನಂಥ ಊರಿನಲ್ಲಿ ಲೈಸೆನ್ಸಿಲ್ಲದ ವಿದ್ಯಾರ್ಥಿಯ ದಿನದ ಗಂಟೆಗಟ್ಟಲೆ ಹೊತ್ತು ಬಸ್ಸಿನಲ್ಲೇ ಕಳೆಯುತ್ತಿತ್ತು. ಯುಸಿಎಲ್‌ಎಯಲ್ಲಿ 2003ರಲ್ಲಿ ಇಂಥ ವಿದ್ಯಾರ್ಥಿಗಳೇ ಸೇರಿ ಐಡಿಯಾಸ್ ಎಂಬ ಸಂಘ ಕಟ್ಟಿಕೊಂಡರು. ಕೇಂದ್ರ ಎಂಬುದರ ಅಸಲಿ ನಕ್ಷೆ ಹುಟ್ಟಿದ್ದು ಆ ಸಂಘದ ಸಭೆಗಳಲ್ಲಿ ಎಂದು ನಾನು ನಂಬುತ್ತೇನೆ. ತಮ್ಮಂಥವರು ಇನ್ನೂ ಇದ್ದಾರೆ ಎಂಬುದೇ ಅವರ ಮೊದಲ ಶೋಧ. ಅಲ್ಲಿಯವರೆಗೆ ಒಬ್ಬೊಬ್ಬರೂ ಇಡೀ ಕ್ಯಾಂಪಸ್ಸಿನಲ್ಲಿ ತಾನೊಬ್ಬನೇ, ತಾನೊಬ್ಬಳೇ ಎಂದುಕೊಂಡಿದ್ದವರು.

ಆ ಸಂಘದ ಆರಂಭದ ಬಳಗದಲ್ಲಿ ಇಬ್ಬರು ಗೆಳತಿಯರಿದ್ದರು. ಟಾಮ್ ಟ್ರಾನ್ ಮತ್ತು ಸಿಂಥಿಯಾ ಫೆಲಿಕ್ಸ್. ಟಾಮ್‌ಳ ತಂದೆತಾಯಿ ವಿಯೆಟ್ನಾಮಿನಿಂದ ತಪ್ಪಿಸಿಕೊಂಡು ಹೊರಟ ನಿರಾಶ್ರಿತರು. ಅವಳು ಹುಟ್ಟಿದ್ದು ಜರ್ಮನಿಯಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಜರ್ಮನಿ ತನ್ನವಳೆನ್ನಲಿಲ್ಲ, ತಾನು ಕಂಡೇ ಇರದ ವಿಯೆಟ್ನಾಮಿಗೆ ಹೋಗುವಂತಿರಲಿಲ್ಲ, ಅಮೆರಿಕ ಒಪ್ಪಲಿಲ್ಲ. ಸಿಂಥಿಯಾ ಮೆಕ್ಸಿಕೊದಲ್ಲಿ ಹುಟ್ಟಿದವಳು. ಸೋಷಿಯಲ್ ಸೆಕ್ಯುರಿಟಿ ನಂಬರು ಇಲ್ಲದಿದ್ದರೂ ವಾಷಿಂಗ್ಟನ್ ರಾಜ್ಯದಲ್ಲಿ ಲೈಸೆನ್ಸು ಸಿಗುತ್ತದೆಂದು ತಿಳಿದು ಗೆಳೆಯರು ಕಾರಿನಲ್ಲಿ ಸಿಯಾಟಲ್‌ಗೆ ಹೊರಟ ಪಯಣವನ್ನು ಟಾಮ್ ಕಿರುಚಿತ್ರ ಮಾಡಿದಳು. ಒಂದು ಲೈಸೆನ್ಸಿಗಾಗಿ ಸಾವಿರ ಮೈಲಿಯಾಚೆಗೆ ಪಯಣ. ಇಂಥ ಮಾಹಿತಿಯೇ ಆಗಿನ ಅವರ ಆಸ್ತಿ.

2007ರ ಮೇ ತಿಂಗಳಲ್ಲಿ ಟಾಮ್ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಕುಳಿತು ತನ್ನ ಹೆಸರು ಹೇಳಿ ಸಾಕ್ಷ್ಯ ನುಡಿದಳು. ಬಾಲ್ಯದಲ್ಲಿ ಬಂದವರಿಗೆ ಕಾಯಂ ನೆಲೆ ಕೊಡುವ ಡ್ರೀಮ್ ಕಾಯ್ದೆ ಆಗಲೂ ನನೆಗುದಿಗೆ ಬಿದ್ದಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಷ್ಟ್ರೀಯ ಪತ್ರಿಕೆಯೊಂದು ಅವಳ ಕತೆ ಅಚ್ಚು ಮಾಡಿತು. ಅದಾದ ಕೆಲವೇ ದಿನಗಳಲ್ಲಿ ವಲಸೆ ಜಾರಿ ಅಧಿಕಾರಿಗಳು ನಸುಕಿನಲ್ಲಿ ಮನೆಗೆ ನುಗ್ಗಿ ಅವಳ ತಂದೆ, ತಾಯಿ, ತಮ್ಮನನ್ನು ಹಿಡಿದೊಯ್ದರು. ಉಪಸಮಿತಿಯ ಅಧ್ಯಕ್ಷೆ ಜೋ ಲಾಫ್‌ಗ್ರೆನ್ ಇದು ಸಾಕ್ಷಿಯನ್ನು ಬೆದರಿಸುವ ಕೆಲಸವೆಂದು ಬಹಿರಂಗವಾಗಿ ಹೇಳಿದರು. ಕುಟುಂಬ ಬಿಡುಗಡೆಯಾಯಿತು. ಈ ಘಟನೆಯನ್ನು ತಿಳಿಯದೆ ಇಂದಿನ ಕೇಂದ್ರಗಳ ಎಷ್ಟೋ ರೂಢಿಗಳು ಅರ್ಥವಾಗುವುದಿಲ್ಲ. ಬಂದವರ ಹೆಸರು ಬರೆಸಿಕೊಳ್ಳದಿರುವುದು, ವಲಸೆ ಸ್ಥಿತಿಯನ್ನು ಯಾವ ಕಡತದಲ್ಲೂ ದಾಖಲಿಸದಿರುವುದು, ವಿದ್ಯಾರ್ಥಿ ತಾನಾಗಿ ಹೇಳುವವರೆಗೆ ಕೇಳದಿರುವುದು, ಇವೆಲ್ಲ ಬರೀ ಸೌಜನ್ಯವಲ್ಲ. ವಿದ್ಯಾರ್ಥಿಯ ದಾಖಲೆಗಳನ್ನು ಗೋಪ್ಯವಾಗಿಡಬೇಕೆಂದು ಅಮೆರಿಕದಲ್ಲಿ 1974ರಿಂದ ಕಾನೂನೇ ಇದೆ. ಆದರೂ ಇಲ್ಲದ ಪಟ್ಟಿಯನ್ನು ಯಾರೂ ವಶಪಡಿಸಿಕೊಳ್ಳಲಾರರು ಎಂಬುದು ಕೇಂದ್ರ ನಡೆಸುವವರ ಮೊದಲ ಪಾಠ.

ಯುಸಿಎಲ್‌ಎಯ ಕಾರ್ಮಿಕ ಅಧ್ಯಯನ ಕೇಂದ್ರದಲ್ಲಿ ಕೆಂಟ್ ವಾಂಗ್ ಕಲಿಸಿದ ಕ್ಲಾಸಿನ ವಿದ್ಯಾರ್ಥಿಗಳು ಸೇರಿ 2008ರಲ್ಲಿ ‘ಅಂಡರ್‌ಗ್ರೌಂಡ್ ಅಂಡರ್‌ಗ್ರ್ಯಾಡ್ಸ್’ ಎಂಬ ಪುಸ್ತಕ ತಂದರು. ದಾಖಲೆಯಿಲ್ಲದ ವಿದ್ಯಾರ್ಥಿಗಳ ಬದುಕು ಅವರದೇ ಮಾತಿನಲ್ಲಿ ಮೊದಲ ಸಲ ಹೀಗೆ ಒಟ್ಟಾಗಿ ಅಚ್ಚಾಯಿತು. ಹಸಿದ ಹೊಟ್ಟೆ, ಬಸ್ಸಿನ ಗಂಟೆಗಳು, ನಡುವೆ ನಿಲ್ಲಿಸಿದ ಸೆಮಿಸ್ಟರುಗಳು. ಅಲ್ಲಿಯವರೆಗೆ ಇದು ಒಂದೊಂದು ಕೌಂಟರಿನ ಬಿಡಿ ತಕರಾರು. ಒಟ್ಟಿಗೆ ಓದಿದಾಗ, ಎಲ್ಲರೂ ಅದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿರುವುದು ಆಡಳಿತದವರಿಗೂ ಕಾಣಲೇಬೇಕಾಯಿತು. 2009ರಲ್ಲಿ ಯುಸಿಎಲ್‌ಎ ಈ ವಿದ್ಯಾರ್ಥಿಗಳಿಗೆಂದೇ ಕಾರ್ಯಕ್ರಮವೊಂದನ್ನು ಆರಂಭಿಸಿತು.

2010ರ ಮೇ 15ರಂದು ಮೇನ್ ರಾಜ್ಯದಲ್ಲಿ ನಡೆದ ಕಾರು ಅಪಘಾತದಲ್ಲಿ ಟಾಮ್ ಮತ್ತು ಸಿಂಥಿಯಾ ಇಬ್ಬರೂ ತೀರಿಕೊಂಡರು. ಆಗ ಟಾಮ್ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ಸಿಂಥಿಯಾ ಕೊಲಂಬಿಯಾದಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದಳು. ಅದೇ ಡಿಸೆಂಬರಿನಲ್ಲಿ ಡ್ರೀಮ್ ಕಾಯ್ದೆ ಕೆಳಮನೆಯಲ್ಲಿ ಪಾಸಾಗಿ ಸೆನೆಟ್ಟಿನಲ್ಲಿ ನಿಂತುಹೋಯಿತು. ಪರವಾಗಿ 55 ಮತ, ವಿರುದ್ಧ 41. ಬೇಕಿದ್ದದ್ದು 60.

ದಿಲ್ಲಿಯಂತೆ ವಾಷಿಂಗ್ಟನ್ನೂ ದೂರವೆಂದು ಮನಗಂಡವರು ರಾಜ್ಯ ಮತ್ತು ಕ್ಯಾಂಪಸ್ಸುಗಳ ಕಡೆಗೆ ತಿರುಗಿದರು. 2011ರಲ್ಲಿ ಕ್ಯಾಲಿಫೋರ್ನಿಯಾ ಎರಡು ಕಾನೂನು ಮಾಡಿ ಖಾಸಗಿ ದತ್ತಿಯ ಸ್ಕಾಲರ್‌ಶಿಪ್ಪನ್ನೂ ರಾಜ್ಯದ ನೆರವನ್ನೂ ಈ ವಿದ್ಯಾರ್ಥಿಗಳಿಗೆ ತೆರೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿ ಕ್ಯಾಂಪಸ್ಸಿನಲ್ಲಿ ಚಾನ್ಸೆಲರ್ ರಾಬರ್ಟ್ ಬರ್ಜೆನೊ ಒಂದು ಕಾರ್ಯಪಡೆ ರಚಿಸಿದರು. ಅಲ್ಲಿಯ ಕಾರ್ಯಕ್ರಮ 2012ರ ಹೊತ್ತಿಗೆ ರೂಪ ತಳೆಯಿತು. ಆ ವರ್ಷದ ಕೊನೆಗೆ ಹಾಸ್ ಜೂನಿಯರ್ ಫಂಡ್ ಎಂಬ ದತ್ತಿಸಂಸ್ಥೆ ವಿದ್ಯಾರ್ಥಿವೇತನಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟಿತು. ಕಾಂಬೋಡಿಯಾ ನಿರಾಶ್ರಿತರ ಮಗ ಮೆಂಗ್ ಸೋ ಬರ್ಕಲಿಯ ಆ ಕಾರ್ಯಕ್ರಮದ ನಿರ್ದೇಶಕರಾದರು.

ಬರ್ಕಲಿಯಲ್ಲಿ ಗಟ್ಟಿಯಾದ ಮಾದರಿಯೇ ಮುಂದೆ ಬೇರೆಡೆಗೂ ಹಬ್ಬಿತು. ಅದರಲ್ಲಿ ಒಂದು ಭಾಗದ ಬಗ್ಗೆ ಹೆಚ್ಚು ಹೇಳಬೇಕು, ಅದು ವಕೀಲರ ಕುರ್ಚಿ. ಈಸ್ಟ್ ಬೇ ಕಮ್ಯುನಿಟಿ ಲಾ ಸೆಂಟರಿನ ವಕೀಲರು ವಿದ್ಯಾರ್ಥಿಗಳ ಜೊತೆ ಕೂತು ಮಾತಾಡತೊಡಗಿದರು. ತನಗೆ ಯಾವ ದಾರಿಯೂ ಇಲ್ಲವೆಂದು ಕೈಚೆಲ್ಲಿ ಕುಳಿತವರಲ್ಲಿ ಕೆಲವರಿಗೆ ನಿಜವಾಗಿ ದಾರಿ ಇರುತ್ತದೆ ಎಂಬುದು ಇಂಥ ಸಮಾಲೋಚನೆಗಳಿಂದ ಎಲ್ಲೆಡೆ ಕಂಡುಬಂದ ಸತ್ಯ. ತಾಯಿ ಮನೆಯಲ್ಲಿ ಹಿಂಸೆಗೆ ಒಳಗಾಗಿ ಪೊಲೀಸರಿಗೆ ನೆರವಾಗಿದ್ದರೆ ಯು ವೀಸಾ ಸಿಗಬಹುದು. ತಂದೆ ತಾಯಿ ಕೈಬಿಟ್ಟ ಮಗುವಿಗೆ ಬೇರೊಂದು ರಕ್ಷಣೆಯಿದೆ. ಹಳೆಯ ಕುಟುಂಬ ಅರ್ಜಿಯೊಂದು ಯಾವುದೋ ಕಡತದಲ್ಲಿ ಜೀವಂತವಿರಬಹುದು. ಇದನ್ನೆಲ್ಲ ಯಾರೂ ಕೇಳಿರಲಿಲ್ಲ, ಯಾಕೆಂದರೆ ಕೇಳುವ ವಕೀಲರಿಗೆ ಕೊಡಲು ಇವರ ಬಳಿ ದುಡ್ಡಿರಲಿಲ್ಲ. ಪುಸ್ತಕದ ಕಪಾಟು, ತುರ್ತು ಹಣ, ಮನಸ್ಸಿನ ಭಾರ ಇಳಿಸಲು ಆಪ್ತಸಲಹೆಗಾರರು, ಎಲ್ಲವೂ ಬೇಕಾದವೇ. ಆದರೆ ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ವಕೀಲರ ಕುರ್ಚಿಯನ್ನೇ ಆರಿಸುತ್ತೇನೆ. ಉಳಿದವು ದಿನ ನೂಕಲು ನೆರವಾಗುತ್ತವೆ, ಇದು ಕೆಲವರ ಬದುಕನ್ನೇ ಬದಲಿಸುತ್ತದೆ.

2012ರ ಜೂನ್ 15ರಂದು, ಪ್ಲೈಲರ್ ತೀರ್ಪಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, ಒಬಾಮ ಸರ್ಕಾರ ಡಾಕಾ ಯೋಜನೆ ಘೋಷಿಸಿತು. ಹದಿನಾರರೊಳಗೆ ಬಂದು, 2007ರ ಜೂನ್‌ನಿಂದ ಅಲ್ಲೇ ಇದ್ದವರಿಗೆ ಎರಡೆರಡು ವರ್ಷದ ಮಟ್ಟಿಗೆ ಗಡೀಪಾರಿನಿಂದ ಬಿಡುವು, ಜೊತೆಗೆ ಕೆಲಸದ ಪರವಾನಗಿ. ಆ ಆದೇಶಕ್ಕೆ ಸಹಿ ಹಾಕಿದ ಗೃಹಭದ್ರತಾ ಕಾರ್ಯದರ್ಶಿ ಜಾನೆಟ್ ನಪೊಲಿಟಾನೊ ಮರುವರ್ಷವೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷೆಯಾದರು. ವರ್ಷಕ್ಕೆ ನಾಲ್ಕು ಲಕ್ಷದಷ್ಟು ಜನರನ್ನು ಗಡೀಪಾರು ಮಾಡಿದ ಇಲಾಖೆಯ ಮುಖ್ಯಸ್ಥೆ ತಮಗೆ ಬೇಡವೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಆ ಪ್ರತಿಭಟನೆ ನ್ಯಾಯವಾದದ್ದೇ. ಅದು ಫಲ ಕೊಡದೆಯೂ ಹೋಗಲಿಲ್ಲ. 2013ರ ಅಕ್ಟೋಬರಿನಲ್ಲಿ ಅವರು ದಾಖಲೆಯಿಲ್ಲದ ವಿದ್ಯಾರ್ಥಿಗಳಿಗಾಗಿ 50 ಲಕ್ಷ ಡಾಲರ್ ಘೋಷಿಸಿದರು. ಆ ಬಳಿಕ ಡೇವಿಸ್‌ನ ಕಾನೂನು ಶಾಲೆಯಲ್ಲಿ ನೆಲೆಗೊಂಡ ವಕೀಲರ ತಂಡವೊಂದು ವಿಶ್ವವಿದ್ಯಾಲಯದ ಬೇರೆ ಕ್ಯಾಂಪಸ್ಸುಗಳಿಗೂ ಸೇವೆ ಕೊಡತೊಡಗಿತು. 2017ರಲ್ಲಿ ಟ್ರಂಪ್ ಸರ್ಕಾರ ಡಾಕಾ ರದ್ದು ಮಾಡಲು ಹೊರಟಾಗ ಅದೇ ವಿಶ್ವವಿದ್ಯಾಲಯ ನ್ಯಾಯಾಲಯಕ್ಕೆ ಹೋಯಿತು, 2020ರ ಜೂನ್ 18ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಒಂದು ಕಾಲಕ್ಕೆ ಈ ಮಕ್ಕಳನ್ನು ಕೌಂಟರಿನಿಂದ ಕೌಂಟರಿಗೆ ಓಡಾಡಿಸಿದ ಸಂಸ್ಥೆ ಅವರ ಪರವಾಗಿ ವಾದಿಯಾಗಿ ನಿಂತದ್ದು ಸಣ್ಣ ಮಾತಲ್ಲ.

ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ವ್ಯವಸ್ಥೆಯಾದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಮೊದಲ ಕೇಂದ್ರ 2014ರಲ್ಲಿ ಫುಲ್ಲರ್ಟನ್‌ನಲ್ಲಿ ತೆರೆಯಿತು. ಆ ವ್ಯವಸ್ಥೆಯ ಮತ್ತು ಕಮ್ಯುನಿಟಿ ಕಾಲೇಜುಗಳ ಒಂದೊಂದು ಕ್ಯಾಂಪಸ್ಸಿನಲ್ಲೂ ಈ ವಿದ್ಯಾರ್ಥಿಗಳಿಗೆ ಗೊತ್ತುಪಡಿಸಿದ ಒಬ್ಬ ಸಿಬ್ಬಂದಿ ಇರಲೇಬೇಕೆಂದು 2019ರಲ್ಲಿ ಕಾನೂನಾಯಿತು. ಲೆಟಿಷಿಯಾ ಎ. ನೆಟ್‌ವರ್ಕಿನವರು ಬಾಯಿಂದ ಬಾಯಿಗೆ ದಾಟಿಸುತ್ತಿದ್ದ ‘ಇವರ ಬಳಿ ಹೋಗು’ ಎಂಬ ಮಾತು ಮೂವತ್ತನಾಲ್ಕು ವರ್ಷಕ್ಕೆ ಶಾಸನವಾಯಿತು.

ಆದರೂ ನೆಮ್ಮದಿಯಿಂದ ಹೇಳುವ ಕತೆಯಲ್ಲ ಇದು. 2007ರ ಜೂನ್‌ಗೆ ಮೊದಲು ಬಂದಿರಬೇಕೆಂಬ ಡಾಕಾದ ಷರತ್ತು ಹಾಗೇ ನಿಂತಿದೆ, ವರ್ಷಗಳು ಮಾತ್ರ ಸರಿದಿವೆ. ಈಗ ಕಾಲೇಜು ಮೆಟ್ಟಿಲು ಹತ್ತುವ ಹದಿನೆಂಟರ ಹುಡುಗಿ ಆ ದಿನಾಂಕದ ಹೊತ್ತಿಗೆ ಹುಟ್ಟಿಯೇ ಇರಲಿಲ್ಲ ಅಥವಾ ತೊಟ್ಟಿಲಲ್ಲಿದ್ದಳು. ಹೊಸ ಅರ್ಜಿಗಳಿಗೆ 2021ರಲ್ಲಿ ಟೆಕ್ಸಾಸ್‌ನ ನ್ಯಾಯಾಧೀಶರೊಬ್ಬರು ತಡೆ ಹಾಕಿದರು. ಹಾಗಾಗಿ ಹೊಸ ವಿದ್ಯಾರ್ಥಿಗಳು ಕೆಲಸದ ಪರವಾನಗಿಯಿಲ್ಲದೆ, 2003ರಲ್ಲಿ ಐಡಿಯಾಸ್ ಕಟ್ಟಿದವರ ಸ್ಥಿತಿಯಲ್ಲೇ ಬರುತ್ತಿದ್ದಾರೆ. ಕೇಂದ್ರಗಳು ಮತ್ತೆ ಹೊಸ ದಾರಿ ಹುಡುಕಿವೆ. ನೌಕರಿ ಕೊಡುವುದಕ್ಕೆ ಕಾನೂನಿನ ತಡೆಯಿದೆ, ವಿದ್ಯಾರ್ಥಿವೇತನಕ್ಕೆ ಆ ತಡೆಯಿಲ್ಲ. ಹಾಗಾಗಿ ಕಲಿಕೆ ಮತ್ತು ಸೇವೆಗೆ ಫೆಲೋಶಿಪ್ ಹೆಸರಿನಲ್ಲಿ ಸ್ಟೈಪೆಂಡ್ ಕೊಡುವ ರೂಢಿ ಬಂದಿದೆ. ಇನ್ನು 2025ರ ಜನವರಿಯಲ್ಲಿ, ಶಾಲೆ ಕಾಲೇಜುಗಳ ಆವರಣದಲ್ಲಿ ವಲಸೆ ದಾಳಿ ನಡೆಸಬಾರದೆಂಬ ಹಳೆಯ ನಿರ್ದೇಶನವನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಅದೇ ವರ್ಷ ಜೂನ್ 4ರಂದು, ದೇಶದಲ್ಲೇ ಮೊದಲು ಶುಲ್ಕದ ಕಾನೂನು ತಂದಿದ್ದ ಟೆಕ್ಸಾಸ್, ಕೇಂದ್ರ ಸರ್ಕಾರ ಮೊಕದ್ದಮೆ ಹೂಡಿದ ದಿನವೇ ಒಪ್ಪಿಕೊಂಡು ಆ ಕಾನೂನನ್ನು ಕೈಬಿಟ್ಟಿತು. ಇಪ್ಪತ್ತನಾಲ್ಕು ವರ್ಷದ ಕಾನೂನು ಒಂದೇ ದಿನದಲ್ಲಿ ಹೋಯಿತು.

ನಮ್ಮವರಿಗೂ ಇದು ದೂರದ ಮಾತಲ್ಲ. ಎಚ್1ಬಿ ವೀಸಾದಲ್ಲಿ ಹೋದ ಭಾರತೀಯ ಎಂಜಿನಿಯರುಗಳು, ಅವರಲ್ಲಿ ಬೆಂಗಳೂರು ಮೈಸೂರುಗಳಿಂದ ಹೋದವರೂ ಇದ್ದಾರೆ, ಗ್ರೀನ್ ಕಾರ್ಡಿನ ಸರತಿಯಲ್ಲಿ ನಿಂತಿದ್ದಾರೆ. ವರ್ಷಕ್ಕೆ ಉದ್ಯೋಗದ ಆಧಾರದಲ್ಲಿ ಕೊಡುವ ಸುಮಾರು 1,40,000 ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ. ಸರತಿ ದಶಕಗಳಷ್ಟು ಉದ್ದ. ಅವರ ಜೊತೆ ಎಳವೆಯಲ್ಲೇ ಹೋದ ಮಗುವಿಗೆ 21 ತುಂಬಿದರೆ ಅವಲಂಬಿತರ ವೀಸಾ ಮುಗಿಯುತ್ತದೆ. ಇಂಥ ಮಕ್ಕಳ ಸಂಖ್ಯೆ ಎರಡು ಲಕ್ಷಕ್ಕೂ ಮೀರಿದೆ ಎಂಬ ಅಂದಾಜಿದೆ. 2012ರಲ್ಲಿ ಕಾನೂನುಬದ್ಧ ವೀಸಾ ಇದ್ದವರಿಗೆ ಡಾಕಾ ಅನ್ವಯಿಸಲಿಲ್ಲ, ಅಂದರೆ ನಿಯಮ ಪಾಲಿಸಿದ್ದೇ ಇವರಿಗೆ ಅಡ್ಡಿಯಾಯಿತು. ಬೇರೆ ವೀಸಾ ಸಿಗದೆ ಉಳಿದರೆ ಇವರೂ ದಾಖಲೆಯಿಲ್ಲದವರೇ. ಇಪ್ಪತ್ತೊಂದರ ಹುಟ್ಟುಹಬ್ಬವನ್ನು ಹೆದರಿಕೆಯಿಂದ ಎದುರುನೋಡುವ ಮಗು ನಮ್ಮ ಕನ್ನಡ ಕೂಟಗಳ ಯುಗಾದಿ ಊಟದ ಪಂಕ್ತಿಯಲ್ಲೂ ಇರಬಹುದು. ಇದನ್ನು ಕುಟುಂಬದ ಮಾನದ ಪ್ರಶ್ನೆಯೆಂದು ಮುಚ್ಚಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಮೆರಿಕದಲ್ಲಿರುವ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಅಥವಾ ಬಂಧುಗಳ ಮಗು ಇಂಥ ಸ್ಥಿತಿಯಲ್ಲಿದ್ದರೆ 21 ತುಂಬುವವರೆಗೆ ಕಾಯಬೇಡಿ. ಹೈಸ್ಕೂಲು ಮುಗಿಯುವ ಮೊದಲೇ ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಿ. ಕಾಲೇಜಿಗೆ ಸೇರಿದ ಮೇಲೆ ಆ ಕ್ಯಾಂಪಸ್ಸಿನಲ್ಲಿ ಇಂಥ ಕೇಂದ್ರ ಇದೆಯೇ, ಅದರ ನೆರವು ನಿಮ್ಮ ಮಗುವಿಗೂ ಸಿಗುತ್ತದೆಯೇ ಎಂದು ಕೇಳಿ. ನಿಮಗೆ ಅದರ ಅಗತ್ಯವಿಲ್ಲದಿದ್ದರೆ, ಆ ಕೇಂದ್ರದ ತುರ್ತು ನಿಧಿಗೆ ಕೈಲಾದಷ್ಟು ಹಣ ಕಳಿಸಿ. ಎಷ್ಟೋ ಕೇಂದ್ರಗಳು ನಡೆಯುತ್ತಿರುವುದು ದಾನಿಗಳ ಹಣದಿಂದಲೇ.